ಹುರುಳಿ ಮೊಳೆತ ತಪ್ಪಿಗೆ

ರಾಗಿ ತೆನೆಯನ್ನು ಬಟ್ಟೆ ಒಗೆದ ಹಾಗೆ ಒಗೆದವರು ಯಾರಾದರೂ ಇದ್ದರೆ ಅದು ನಾನೇ. ಅವತ್ತು ಹಿತ್ತಿಲಲ್ಲಿ ಹಂಡೆ ಇಟ್ಟುಕೊಂಡು, ಕೆಸರು ಮೆತ್ತಿದ ತೆನೆಗಳನ್ನು ಹಿಡಿಹಿಡಿಯಾಗಿ ನೀರಿಗೆ ಅದ್ದಿ, ಕೊಡವಿ, ಚಾಪೆಯ ಮೇಲೆ ಹರವುತ್ತಿದ್ದೆ. ಊರ ಮೇಲಿನ ಕೆರೆ ಒಡೆದು ಮೂರು ನಾಲ್ಕು ದಿನವಾಗಿತ್ತು. ಹಳ್ಳದ ದಂಡೆಯ ಹೊಲಗಳೆಲ್ಲ ಕೆರೆಯ ಗೋಡುಮಣ್ಣಿನಡಿ ಹೂತುಹೋಗಿದ್ದವು. ಮಣ್ಣಿನ ಮೇಲೆ ಅಲ್ಲಲ್ಲಿ ತಲೆ ಚಾಚಿದ್ದ ತೆನೆಗಳನ್ನು ಕಿತ್ತು ತಂದಿದ್ದೆವು. ತೊಳೆದರೆ ಅರ್ಧ ಕಾಳು, ಅರ್ಧ ಕಪ್ಪು ಹುಡಿ. ಆದರೂ ದೇವರು ಅರ್ಧ ಕಾಳಾದರೂ ಬಿಟ್ಟನಲ್ಲ ಅಂದುಕೊಂಡು ಒಗೆಯುತ್ತಿದ್ದೆ.

ಆಗಲೇ ಬೀದಿಯಲ್ಲಿ ತಮಟೆ ಬಡಿಯಿತು. ತಳವಾರ ಕೂಗಿದ: "ನಷ್ಟ ಆದೋರ್ಗೆ ಸರ್ಕಾರ ಪರಿಹಾರ ಕೊಡ್ತದಂತೆ! ಸಾಯೇಬ್ರು ಬಂದು ಒಲ ನೋಡ್ತಾರಂತೆ! ಎಲ್ರೂ ಊರಲ್ಲೇ ಇರ್ಬೇಕಂತೆ!"

ಸಾಹೇಬರು ಬರುವ ದಿನ ಯಾವುದು ಅಂತ ಅವನೂ ಹೇಳಲಿಲ್ಲ, ಅವನಿಗೆ ಹೇಳಿಕಳಿಸಿದವರೂ ಹೇಳಿರಲಿಲ್ಲ. ಊರಲ್ಲೇ ಇರಬೇಕು ಅಂತ ಮಾತ್ರ. ನಾವು ಎಲ್ಲಿಗೆ ಹೋಗುತ್ತಿದ್ದೆವೋ, ಸಿಂಗಾಪುರಕ್ಕೆ!

ಅದು ಯುದ್ಧದ ಕಾಲ. ಮಂಡ್ಯ ಹೊಸದಾಗಿ ಜಿಲ್ಲೆಯಾಗಿ, ಕಚೇರಿಗಳು ಹೆಚ್ಚಾಗಿ, ಟೋಪಿ ಕೋಟುಗಳು ಬಹಳವಾಗಿದ್ದವು. ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ. ನಮ್ಮ ಊರು ಯಾವ ತಾಲ್ಲೂಕಿಗೆ ಸೇರಿದ್ದು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇನ್ನೊಂದು ತಾಲ್ಲೂಕಿನವರು 'ನಾವಲ್ಲಪ್ಪ' ಅಂತ ಮೀಸೆ ತಿರುವುತ್ತಾರೆ. ಅವರಿಗೆ ಆ ಸುಖ ಯಾಕೆ.

ನಮ್ಮ ಮೇಲುಹೊಲಕ್ಕೆ ಏನೂ ಆಗಿರಲಿಲ್ಲ. ಹೋಗಿದ್ದು ಅಕ್ಕನದು. ಅಕ್ಕ ಅಂದರೆ ನನ್ನ ಓರಗಿತ್ತಿ, ನಮ್ಮನೆಯವರ ಅಣ್ಣನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಅವಳ ಪಾಲಿಗೆ ಬಂದದ್ದು ಹಳ್ಳದ ಪಕ್ಕದ ಆ ಒಂದು ಹೊಲ, ಒಂದು ಜೋಡಿ ಎತ್ತು. ಒಲೆ ಒಂದೇ, ಉಳುವವರು ನಮ್ಮನೆಯವರೇ, ಆದರೆ ಹೊಲ ಅವಳದು. ಏನು ಬಿತ್ತಬೇಕು ಅನ್ನುವ ಮಾತು ಅವಳದು. ಕೆರೆ ಒಡೆದ ಮಧ್ಯಾಹ್ನ ಎತ್ತುಗಳನ್ನು ಹಳ್ಳದ ಬದುವಿನಲ್ಲಿ ಮೇಯಲು ಕಟ್ಟಿತ್ತು. ಒಂದು ಎತ್ತು ಹಗ್ಗ ಹರಿದುಕೊಂಡು ಮನೆಗೆ ಬಂತು. ಇನ್ನೊಂದು ಬರಲಿಲ್ಲ.

ಒಂಟಿ ಎತ್ತು ಅಂದರೆ ಒಂದು ಕಾಲಿನ ಏಣಿ ಇದ್ದ ಹಾಗೆ. ನಮ್ಮ ಜೋಡಿ ಇತ್ತಲ್ಲ ಅನ್ನಬಹುದು. ಇತ್ತು. ಆದರೆ ಮುಂಗಾರು ಬಂದರೆ ಎರಡು ಹೊಲಕ್ಕೂ ಒಂದೇ ಹದ. ನಮ್ಮದು ಉತ್ತು ಮುಗಿಸಿ ಅವಳ ಹೊಲಕ್ಕೆ ಇಳಿಯುವ ಹೊತ್ತಿಗೆ ನೆಲ ಕಲ್ಲಾಗಿರುತ್ತದೆ. ಹಾಗಾಗಿ ಮುಂದಿನ ಮುಂಗಾರಿನೊಳಗೆ ಅವಳಿಗೆ ಇನ್ನೊಂದು ಎತ್ತು ಬೇಕು, ಇಲ್ಲವೇ ಹೊಲವನ್ನು ಅರ್ಧ ಪಾಲಿನ ವಾರಕ್ಕೆ ಕೊಡಬೇಕು. ವಾರಕ್ಕೆ ಮಾಡುತ್ತೇನೆ ಅಂತ ಬಾಯಿ ತೆರೆದುಕೊಂಡು ಕೂತಿದ್ದವನು ಪಟೇಲರ ಬಾಮೈದ. ಅಂಥವನ ಕೈಗೆ ಹೋದ ಹೊಲ ತಿರುಗಿ ಬಂದದ್ದನ್ನು ನಮ್ಮೂರಲ್ಲಿ ಯಾರೂ ನೋಡಿಲ್ಲ. ತಮಟೆ ಕೇಳಿದ ಅಕ್ಕ ಹಿತ್ತಿಲಿಗೆ ಬಂದು, ಒಗೆದ ತೆನೆ ತಿರುವಿ ಹಾಕುತ್ತಾ, "ಅದು ಬಂದ್ರೆ ಒಂದೆತ್ತು ಆಯ್ತದೆ ಕಣೆ," ಅಂದಳು. ಅಷ್ಟೇ ಅವಳ ಆಸೆ. ಬಂಗಾರದ ಸರ ಕೇಳಲಿಲ್ಲ.

ಸಾಹೇಬರಿಗೆ ಕಾದೆವು. ಸಾಹೇಬರು ಬರಲಿಲ್ಲ, ಸ್ವಾತಿ ಮಳೆ ಬಂತು. ಎರಡು ದಿನ ಸಣ್ಣಗೆ ಹಿಡಿದು, ಹೊಲದ ಮೇಲಿನ ಗೋಡು ಹದವಾಗಿ ಬೆಣ್ಣೆಯಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಅಕ್ಕ ಮಡಿಲಲ್ಲಿ ಹುರುಳಿ ಕಟ್ಟಿಕೊಂಡು ನಿಂತಿದ್ದಾಳೆ.

"ಬಾ, ಎರಚ್ಕೊಂಡು ಬರಾನ."

"ಸಾಹೇಬರು ನೋಡಿದ ಮೇಲೆ ಮಾಡಿದರಾಗದೇನಕ್ಕ?" ಅಂದೆ.

"ಸಾಯೇಬ್ರು ಬರೋಗಂಟ ಹಸಿ ಕಾಯ್ತದಾ? ನನ್ನಣೇಲಂತೂ ಕುಂಕುಮ ಇಲ್ಲ. ಒಲವಾದ್ರೂ ಮುತ್ತೈದೆ ಆಗಿರ್ಲಿ ಬುಡು."

ನಮ್ಮ ಕಡೆ ಹಾಗೇ. ಹಸಿ ಇರುವ ನೆಲವನ್ನು ಬೋಳು ಬಿಟ್ಟರೆ ಭೂಮಿತಾಯಿ ಮುಖ ತಿರುವುತ್ತಾಳೆ ಅನ್ನುತ್ತಾರೆ. ಬೆಳೆ ಹೋದರೆ ಅತ್ತುಬಿಟ್ಟು, ಕಣ್ಣೊರೆಸಿಕೊಂಡು, ಹುರುಳಿನೋ ಹುಚ್ಚೆಳ್ಳೋ ಚೆಲ್ಲಿ ಬರುವುದು ನಮ್ಮ ಹಿರಿಯರು ನಡೆಸಿಕೊಂಡು ಬಂದದ್ದು. ಆ ಕೆಸರಿಗೆ ನಮ್ಮ ಜೋಡಿಯನ್ನು ಇಳಿಸುವ ಹಾಗಿರಲಿಲ್ಲ, ನೇಗಿಲನ್ನು ಹೆಂಗಸು ಮುಟ್ಟಬಾರದು. ಆದರೆ ಮುಳ್ಳುಕೊಂಪೆ ಎಳೆಯಬಾರದು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಅಕ್ಕ ಹುರುಳಿ ಎರಚಿದಳು. ಆಮೇಲೆ ನಾವಿಬ್ಬರೂ ಜಾಲಿಯ ಕೊಂಪೆಗೆ ಒಂದು ಗುಂಡುಕಲ್ಲು ಕಟ್ಟಿ, ಹಗ್ಗ ಹೆಗಲಿಗೆ ಹಾಕಿಕೊಂಡು ಎಳೆದು ಬೀಜ ಮುಚ್ಚಿದೆವು. ಕಾಲು ಮೊಣಕಾಲಿನವರೆಗೆ ಹೂತುಕೊಳ್ಳುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಪಟೇಲರ ಬಾಮೈದ ನಿಂತು ನಕ್ಕ.

"ಏನಕ್ಕ, ಎತ್ತು ಓದ್ರೆ ನೀವೇ ನೊಗಕ್ಕೆ ಕತ್ತು ಕೊಟ್ಬುಟ್ರಾ?"

"ಊಂ ಕಣ್ಲಾ. ನೀನೂ ಬಾ, ಒಂದು ಕೋಣ ಕಮ್ಮಿ ಆಗದೆ," ಅಂದಳು ಅಕ್ಕ.

ಅವನ ಹೊಲ ಅಕ್ಕನದಕ್ಕೆ ತಾಗಿಕೊಂಡೇ ಇತ್ತು. ಎರಡು ವರ್ಷದಿಂದ ನೇಗಿಲಿನ ಮುಖ ಕಂಡಿರಲಿಲ್ಲ. ಎಕ್ಕ, ತುಂಬೆ, ಗರಿಕೆ ಬೆಳೆದಿತ್ತು. ಕೆರೆಯ ನೀರು ಬಂದು ಆ ಎಕ್ಕದ ಮೇಲೆ ಮರಳು ಹೊದಿಸಿ ಹೋಗಿತ್ತು. ಇಷ್ಟೇ ಅವನಿಗಾದ ನಷ್ಟ. ಅವನು ಒಂದು ಕಡ್ಡಿ ಎತ್ತಿಡಲಿಲ್ಲ.

ದೀಪಾವಳಿ ಕಳೆದ ಮೇಲೆ ಕಂದಾಯದ ಶೇಕ್ದಾರರು ಬಂದರು. ಸೈಕಲ್ಲಿನಲ್ಲಿ ಬಂದರು, ಅನ್ನುವುದಕ್ಕಿಂತ ಸೈಕಲ್ಲನ್ನು ತಳವಾರ ತಳ್ಳಿಕೊಂಡು ಬಂದ, ಅವರು ಪಕ್ಕದಲ್ಲಿ ಕೊಡೆ ಹಿಡಿದುಕೊಂಡು ಕೆಸರು ಹಾರುತ್ತಾ ಬಂದರು. ಹಿಂದೆ ಪಟೇಲರು, ಶಾನುಭೋಗರು. ಅಕ್ಕ ಬದುವಿನ ಮೇಲೆ ಸೆರಗು ಹೊದ್ದು ನಿಂತಿದ್ದಳು. ನಾನು ಅವಳ ಹಿಂದೆ. ಹುರುಳಿ ಅಷ್ಟೊತ್ತಿಗೆ ಗೇಣುದ್ದ ಬಂದು ಬಳ್ಳಿ ಹರಿಯಲು ನೋಡುತ್ತಿತ್ತು. ನನ್ನ ಕಣ್ಣಿಗೆ ಅದು ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಇದನ್ನು ನೋಡಿದ ಮೇಲೆ ಯಾರಿಗಾದರೂ ಮನಸ್ಸು ಕರಗದೆ ಇರುತ್ತದೆಯೇ ಅಂತ ಅಂದುಕೊಂಡಿದ್ದೆ. ನನ್ನ ಬುದ್ಧಿ ಅಷ್ಟೇ.

ಶೇಕ್ದಾರರು ಕೊಡೆಯ ತುದಿಯಿಂದ ಹೊಲ ತೋರಿಸಿ ಕೇಳಿದರು: "ಇದೇನಮ್ಮ, ಹೊಲ ಹಸಿರಾಗಿದೆ. ನಷ್ಟ ಎಲ್ಲಿ?"

"ಅದರ ಅಡೀಲಿ ಅದೆ ಬುದ್ಧೀ. ಮೊಣಕಾಲುದ್ದ ಬಗ್ದು ನೋಡಿ. ನನ್ನ ರಾಗಿ ತೆನೆ ಅಂಗೇ ಮಲಗವೆ."

"ನಾನು ಬಗೆಯೋಕೆ ಬಂದಿಲ್ಲ. ನೋಡೋಕೆ ಬಂದಿದೀನಿ."

"ಬಗೀದೆ ಎಂಗೆ ಕಂಡಾತು?"

"ಬೆಳೆ ಪೂರ್ತಿ ಹೋಗಿ ಹೊಲ ಪಾಳು ಬಿದ್ದಿರಬೇಕು ಅಂತ ಹುಕುಂ. ಇಲ್ಲಿ ಬೆಳೆ ನಿಂತಿದೆ. ನಿಂತಿರೋ ಬೆಳೆಗೆ ಪರಿಹಾರ ಕೊಡು ಅಂದರೆ ನಾಳೆ ನನ್ನ ಕೆಲಸ ಹೋಗುತ್ತೆ."

ಅವರ ಕೆಲಸದ ವಿಷಯ ಬಂದ ಮೇಲೆ ನಮ್ಮ ಎತ್ತಿನ ವಿಷಯ ಯಾರು ಕೇಳುತ್ತಾರೆ. ಮುಂದಕ್ಕೆ ಹೋಗಿ ಪಟೇಲರ ಬಾಮೈದನ ಹೊಲದ ಮುಂದೆ ನಿಂತರು. ಒಣಗಿದ ಮರಳು, ಅದರಲ್ಲಿ ಎಕ್ಕದ ಕೊಂಬೆ ಒಂದೆರಡು. ಶೇಕ್ದಾರರು ಕೊಡೆ ಮಡಿಚಿದರು, ಸಾವಿನ ಮನೆಗೆ ಬಂದವರ ಹಾಗೆ. "ಛೆ, ಛೆ, ಪಾಪ," ಅಂದರು. ಬಾಮೈದ ತಲೆ ತಗ್ಗಿಸಿಕೊಂಡು ನಿಂತಿದ್ದ. ಹೊಸ ಮದುವಣಗಿತ್ತಿಯೂ ಅಷ್ಟು ತಗ್ಗಿಸಿರಲಾರಳು. ಅಲ್ಲೂ ಅವರು ಬಗೆದು ನೋಡಲಿಲ್ಲ. ಬಗೆದಿದ್ದರೆ ಎಕ್ಕದ ಬೇರು ಸಿಗುತ್ತಿತ್ತು.

"ಕೆಲ್ಸ ಮಾಡ್ದೆ ಕೂತ್ಕೊಳ್ಳೋದೂ ಒಂದು ಕಸುಬು ಕಣೆ," ಅಂದಳು ಅಕ್ಕ, ಅವರಿಗೆ ಕೇಳಿಸುವ ಹಾಗೇ. "ನಮ್ಗೆ ಯಾರೂ ಕಲಿಸ್ನಿಲ್ಲ."

ಅವತ್ತು ಸಂಜೆ ಪಟೇಲರಿಂದ ಒಂದು ಮಾತು ಬಂತು: ಇನ್ನು ನಾಲ್ಕು ದಿನಕ್ಕೆ ತಾಲ್ಲೂಕಿನ ಅಮಲ್ದಾರರೇ ಖುದ್ದು ಬಂದು ಇನ್ನೊಂದು ಸಲ ನೋಡುತ್ತಾರೆ, ಆಮೇಲೆ ಮಾತಿಲ್ಲ. ಮಾವ ಜಗಲಿಯಲ್ಲಿ ಕೂತು ಬಹಳ ಹೊತ್ತು ಎಲೆಯಡಿಕೆ ಜಗಿದರು. ಕೆಟ್ಟವರಲ್ಲ ನಮ್ಮ ಮಾವ. ಸೊಸೆಯ ಹೊಲ ಉಳಿಯಲಿ ಅಂತಲೇ ಅವರ ಮನಸ್ಸು.

"ಒಂದೊತ್ತು ದನ ಬುಟ್ಬುಡಿ," ಅಂದರು. "ಮೇಯ್ಲಿ. ಹುರ್ಳಿ ಓಯ್ತದೆ, ಓಗ್ಲಿ. ದುಡ್ಡು ಬಂದ್ರೆ ಎತ್ತು ಬತ್ತದೆ. ಹುರ್ಳಿ ದೊಡ್ದಾ, ಎತ್ತು ದೊಡ್ದಾ?"

ನಮ್ಮನೆಯವರು ತಲೆಯಾಡಿಸಿದರು. ಲೆಕ್ಕ ಹಾಕಿದರೆ ಮಾವನ ಮಾತೇ ಸರಿ. ನನಗೂ ಹಾಗೇ ಅನ್ನಿಸಿತು. ಅಕ್ಕ ಬಾಗಿಲ ಹಿಂದಿನಿಂದ ಹೇಳಿದಳು, ಮಾವನ ಮುಂದೆ ಅವಳು ಬಾಯಿ ತೆರೆದದ್ದೇ ಅಪರೂಪ:

"ಬಸ್ರಿ ಒಟ್ಟೆ ಮ್ಯಾಲೆ ದನ ಬುಡೋದಾ ಮಾವ? ನಾನೇ ಬಿತ್ತಿ, ನಾನೇ ತುಳಿಸ್ಲಾ? ಕೆರೆ ತುಳೀತು, ಅದುಕ್ಕೆ ಕಣ್ಣಿರ್ನಿಲ್ಲ. ನಂಗೆ ಅವೆ."

ಮಾವ ಎಲೆ ಉಗುಳಿ ಬಂದು, "ಆಯ್ತು ಬುಡವ್ವ," ಅಂದು ಮಲಗಲು ಹೋದರು. ಆ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ದೀಪ ಹಚ್ಚುವಾಗ ಆಯಾ ದಿನ ದೇವರು ಮಾಡಿದ ಉಪಕಾರವನ್ನು ನೆನೆಯುವುದು ನನ್ನ ರೂಢಿ. ಎಷ್ಟು ಸಣ್ಣದಾದರೂ ಸರಿ. ಹಾಲು ಉಕ್ಕದೆ ಉಳಿಯಿತು, ಮಗುವಿಗೆ ಜ್ವರ ಇಳಿಯಿತು, ಹೀಗೆ. ಅಮಲ್ದಾರರು ಬಂದುಹೋದ ದಿನ ನೆನೆಯಲು ಏನೂ ಸಿಗದೆ, 'ಮಾದಪ್ಪ, ಅವರು ಜಟಕಾದಿಂದ ಇಳಿಯಲಿಲ್ಲ, ಇಳಿದಿದ್ದರೆ ಹುರುಳಿ ತುಳಿಯುತ್ತಿದ್ದರು' ಅಂತ ಕೈ ಮುಗಿದೆ. ನಿಜವಾಗಿಯೂ ಅವರು ಇಳಿಯಲಿಲ್ಲ. ರಸ್ತೆಯಿಂದಲೇ ಕತ್ತು ಚಾಚಿ ಹಸಿರು ಕಂಡರು, ಮರಳು ಕಂಡರು. ಹಸಿರಿಗೆ ಇಲ್ಲ, ಮರಳಿಗೆ ಉಂಟು. ಮುಗಿಯಿತು.

ಹಳ್ಳದ ದಂಡೆಯಲ್ಲಿ ಅಕ್ಕನ ಹಾಗೇ ಮತ್ತೆ ಬಿತ್ತಿದ್ದ ಇನ್ನೂ ಮೂರು ನಾಲ್ಕು ಮನೆಯವರಿಗೂ ಇದೇ ಆಯಿತು. ಅವರೆಲ್ಲ ದುಡಿಯುವವರು. ಬೆಳೆ ಹೋದ ಮಾರನೆಯ ದಿನ ಮಂಕರಿ ಹಿಡಿದು ಮರಳು ಹೊತ್ತವರು. ಅಮಲ್ದಾರರು ಬರುವ ಮುಂಚೆ ಇವರಲ್ಲಿ ಇಬ್ಬರು ದನ ಬಿಟ್ಟು ಮೇಯಿಸಿಯೇಬಿಟ್ಟರು. ಅವರಿಗೆ ಪರಿಹಾರ ಬಂತೋ? ಇಲ್ಲ. ದನ ಮೇಯ್ದ ಗುರುತು ಕಂಡು, 'ಕಾವಲಿಲ್ಲದೆ ಹಾಳು ಮಾಡಿಕೊಂಡಿದ್ದಾರೆ' ಅಂದರಂತೆ. ಅತ್ತ ಕಾಳೂ ಇಲ್ಲ, ಇತ್ತ ಕಾಸೂ ಇಲ್ಲ. ಅದನ್ನು ಕೇಳಿದ ಮೇಲೆ ಮಾವ ಅಕ್ಕನನ್ನು ನೋಡುವ ರೀತಿಯೇ ಬದಲಾಯಿತು.

ಸಂಕ್ರಾಂತಿ ಕಳೆದು, ಕಣದಲ್ಲಿ ಹುರುಳಿ ಬಡಿದು ತೂರಿ ಮನೆಗೆ ತಂದಿದ್ದೆವು. ಗೋಡುಮಣ್ಣಿನ ಗುಣವೋ, ದೇವರ ಗುಣವೋ, ಎಂದೂ ಕಾಣದಷ್ಟು ಬಂದಿತ್ತು. ಆಗ ಪರಿಹಾರ ಹಂಚುವುದಕ್ಕೆ ಅಮಲ್ದಾರರು ಮತ್ತೆ ಬಂದರು. ಅರಳಿಕಟ್ಟೆಗೆ ಮಾವಿನ ತೋರಣ, ಕುರ್ಚಿ, ಕುರ್ಚಿಗೆ ಪಟೇಲರ ಮನೆಯ ಜಮಖಾನ. ನಾನು ದೂರದಿಂದಲೇ ಕೇಳಿದೆ. ಸರ್ಕಾರ ತಾಯಿ ಇದ್ದ ಹಾಗೆ, ಯಾವ ಮಗು ಹಸಿದಿದೆ ಅಂತ ತಾಯಿಗೆ ಹೇಳಬೇಕಾಗಿಲ್ಲ, ಅಂತೆಲ್ಲ ಹೇಳಿದರು. ಮಗು ಎದ್ದು ತಾನೇ ಎರಡು ತುತ್ತು ಕಲಸಿಕೊಂಡರೆ ಹಸಿವೇ ಆಗಿಲ್ಲ ಅನ್ನುವ ತಾಯಿ ಇವಳು. ಪಟೇಲರ ಬಾಮೈದ ಎರಡು ಕೈಯಲ್ಲೂ ಇಸಿದುಕೊಂಡು ಕಣ್ಣಿಗೊತ್ತಿಕೊಂಡ. ಕಾಂಗ್ರೆಸ್ಸಿನವರು ಶಿವಪುರದಲ್ಲಿ ಬಾವುಟ ಏರಿಸಿದ ವರ್ಷ ಊರಲ್ಲಿ ಎಲ್ಲರಿಗಿಂತ ಜೋರಾಗಿ ಜೈ ಅಂದಿದ್ದವನೂ ಅವನೇ. ಗಂಟಲು ಒಂದೇ, ಜೈ ಮಾತ್ರ ಯಾರಿಗೆ ಬೇಕಾದರೂ.

ಊಟ ಪಟೇಲರ ಮನೆಯಲ್ಲಿ. ಅಮಲ್ದಾರರು ನಮ್ಮ ಕೈಯ ಅಡುಗೆ ಉಣ್ಣುವ ಜನ. 'ಈ ಕಡೆ ಹುರುಳಿ ಬಸ್ಸಾರು ಚೆನ್ನಾಗಿ ಮಾಡ್ತಾರಂತೆ' ಅಂತ ಬಾಯಿಬಿಟ್ಟು ಕೇಳಿದರಂತೆ. ಪಟೇಲರ ಹೆಂಡತಿ ನಮ್ಮ ಮನೆಗೆ ಓಡಿ ಬಂದರು. ಆ ವರ್ಷ ಅಳೆದು ಕೊಡುವಷ್ಟು ಹುರುಳಿ ಇನ್ನೆಲ್ಲಿತ್ತು? ಕೇಳುವುದಕ್ಕೆ ಅವರಿಗೂ ನಾಚಿಕೆಯಾಗಿತ್ತು ಪಾಪ, ಬಾಗಿಲಲ್ಲೇ ನಿಂತರು. ಕೊಡುವುದೋ ಬೇಡವೋ ಅಂತ ನಾನು ಅಕ್ಕನ ಮುಖ ನೋಡಿದೆ.

"ಕೊಡು, ತುಂಬ ಅಳೆದು ಕೊಡು. ನೀನೇ ಓಗಿ ಮಾಡ್ಕೊಡು," ಅಂದಳು. "ಕಣ್ಣಲ್ಲಿ ನೋಡಾಕಾಗ್ದೆ ಇದ್ದುದ್ದ ನಾಲ್ಗೇಲಾದ್ರೂ ನೋಡ್ಲಿ."

ಹೋದೆ. ಬೇಯಿಸಿದೆ, ಬಸಿದೆ, ಖಾರ ಅರೆದೆ. ಅಮಲ್ದಾರರು ಮುದ್ದೆ ಮುರಿದು ಸಾರಿಗೆ ಅದ್ದಿ ಅದ್ದಿ ಉಂಡರು. ಬೆರಳಿನಿಂದ ಮೊಣಕೈಗೆ ಇಳಿದದ್ದನ್ನೂ ಬಿಡಲಿಲ್ಲ. ಎರಡನೆಯ ಸಲ ಬಡಿಸಲು ನಾನೇ ಹೋದೆ.

"ಬಹಳ ರುಚಿಯಾಗಿದೆಯಮ್ಮ. ಯಾರ ಹೊಲದ ಹುರುಳಿ?"

"ನಷ್ಟವಾಗದ ಹೊಲದ್ದು ಸ್ವಾಮಿ," ಅಂದೆ.

ಪಟೇಲರಿಗೆ ನೆತ್ತಿಗೇರಿತು, ಕೆಮ್ಮಿದರು. ಶೇಕ್ದಾರರು ತಮ್ಮ ಎಲೆಯಲ್ಲಿ ಏನೋ ಕಳೆದುಕೊಂಡವರ ಹಾಗೆ ಹುಡುಕಿದರು. ಅಮಲ್ದಾರರು ಒಂದು ಗಳಿಗೆ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ನಾಚಿಕೆ ಆಯಿತೇನೋ ಅಂದುಕೊಂಡೆ. "ಇನ್ನೊಂದು ಸೌಟು ಹಾಕಮ್ಮ," ಅಂದರು.

ಹಾಕಿದೆ. ಉಣ್ಣುವವರಿಗೆ ಇಲ್ಲ ಅನ್ನಬಾರದು.

ಬಾಮೈದ ಆ ದುಡ್ಡಿನಲ್ಲಿ ಮರಳು ಎತ್ತಿಸಿದನೇ? ಮದ್ದೂರಿಗೆ ಹೋಗಿ ಕೈಗಡಿಯಾರ ಕಟ್ಟಿಸಿಕೊಂಡು ಬಂದ. ಹೊತ್ತು ನೋಡಿ ಮಾಡುವ ಕೆಲಸ ಅವನಿಗೆ ಏನಿತ್ತೋ ಆ ಶಿವನೇ ಬಲ್ಲ. ಜಗಲಿಯ ಮೇಲೆ ಕೂತು, ತೋಳು ಮೇಲೆ ಸರಿಸಿಕೊಂಡು, ಹೋಗುವವರು ಬರುವವರಿಗೆಲ್ಲ ಗಂಟೆ ಹೇಳುತ್ತಿದ್ದ. ಬೇಸಿಗೆ ಏರುತ್ತಿದ್ದ ಹಾಗೆ ನಮ್ಮ ಮನೆಗೂ ಬಂದ.

"ಏನಕ್ಕ, ಒಂಟೆತ್ತು ಇಟ್ಕಂಡು ಏನ್ ಮಾಡೀಯೆ? ಒಲ ನಂಗೆ ವಾರುಕ್ಕೆ ಕೊಡು. ಬೆಳೆದದ್ರಲ್ಲಿ ಅರ್ಧ ತಂದಾಕ್ತೀನಿ."

"ನಿನ್ ಒಲದಲ್ಲಿ ಬೆಳೆದ ಎಕ್ಕದಲ್ಲಿ ಮೊದ್ಲು ಅರ್ಧ ತಂದಾಕು. ಸಿವನ ಪೂಜೆಗಾಯ್ತದೆ," ಅಂದಳು ಅಕ್ಕ.

ಅವನು ನಗುತ್ತಾ ಹೋದ. ನಗಬಹುದು, ಮುಂಗಾರು ಹತ್ತಿರವಾಗುತ್ತಿತ್ತು. ಅಕ್ಕ ಆ ರಾತ್ರಿ ಉಣ್ಣಲಿಲ್ಲ. ಕೊಟ್ಟಿಗೆಗೆ ಹೋಗಿ ಒಂಟಿ ಎತ್ತಿನ ಕತ್ತಿನಡಿಯ ಗಂಗೆದೊಗಲು ತುರಿಸುತ್ತಾ ನಿಂತಿದ್ದಳು.

ಅದಾಗಿ ಎರಡು ದಿನಕ್ಕೆ ಗಾಡಿ ಸಾಬರು ಬಂದರು. ಮದ್ದೂರು ಸ್ಟೇಷನ್ನಿನಿಂದ ಮಳವಳ್ಳಿ ಅಂಗಡಿಗಳಿಗೆ ಮೂಟೆ ಹೊಡೆಯುತ್ತಿದ್ದವರು. ನನ್ನ ತವರು ಪೂರಿಗಾಲಿ ಕಡೆ. ಅಲ್ಲಿಂದ ಏನಾದರೂ ಕಳಿಸಿದರೆ ಅವರ ಗಾಡಿಯಲ್ಲೇ ಬರುತ್ತಿತ್ತು. ಅವತ್ತು ಗಾಡಿ ಇರಲಿಲ್ಲ, ನಡೆದು ಬಂದಿದ್ದರು.

"ಅಮ್ಮಾ, ಸೀಮೆಯೆಲ್ಲ ಸುತ್ತಿದೆ, ಹುರುಳಿ ಇಲ್ಲ. ನಿಮ್ಮಲ್ಲಿ ಇದೆ ಅಂದರು. ಎತ್ತಿಗೆ ಬೇಯಿಸಿ ಹಾಕಬೇಕು, ಸೊರಗಿಹೋಗಿದೆ."

"ಎತ್ತುಗ್ಳು ಅನ್ನಿ," ಅಂದಳು ಅಕ್ಕ.

"ಈಗ ಎತ್ತು ಅಷ್ಟೇ ತಾಯಿ. ಇನ್ನೊಂದು ಹೋದ ತಿಂಗಳು ಕಾಲು ಮುರಿದುಕೊಂಡು ಹೋಯಿತು. ಗಾಡಿ ಮೂಲೆಗೆ ನಿಂತಿದೆ."

ಅಕ್ಕ ನನ್ನ ಮುಖ ನೋಡಿದಳು. ನಾನು ಕೊಟ್ಟಿಗೆಯ ಕಡೆ ನೋಡಿದೆ. ಸಾಬರೂ ನಾವು ನೋಡಿದ ಕಡೆಗೇ ನೋಡಿದರು. ಎದ್ದು ಹೋಗಿ ನಮ್ಮ ಎತ್ತಿನ ತುಟಿ ಬಿಡಿಸಿ ಹಲ್ಲು ನೋಡಿ, ಬೆನ್ನು ತಟ್ಟಿ, "ಇದರ ಜೋಡಿ ಎಲ್ಲಮ್ಮ?" ಅಂದರು.

"ನೀರಿಗೋಯ್ತು."

ಆಮೇಲೆ ಮಾತು ಮಾವನಿಗೂ ಸಾಬರಿಗೂ ಜಗಲಿಯಲ್ಲಿ ನಡೆಯಿತು. ಹದ ಬಂದಾಗ ಜೋಡಿ ಅಕ್ಕನ ಹೊಲಕ್ಕೆ, ಹೊಲದ ಕೆಲಸವಿಲ್ಲದಾಗ ಸಾಬರ ಗಾಡಿಗೆ. ಎರಡಕ್ಕೂ ತಿನ್ನಲು ಹುರುಳಿಯೂ ಅದರ ಹೊಟ್ಟೂ ಅಕ್ಕನದು. ಸೋಮವಾರ ಬಸವಣ್ಣನ ದಿನ, ನಾವು ನೊಗ ಹೂಡುವುದಿಲ್ಲ. ಶುಕ್ರವಾರ ಸಾಬರು ಗಾಡಿ ಕಟ್ಟುವುದಿಲ್ಲ. ಎರಡು ಮತದವರಿಗೆ ದುಡಿದು ವಾರಕ್ಕೆ ಎರಡು ದಿನ ಮಲಗಿದ ಎತ್ತುಗಳು ಈ ಸೀಮೆಯಲ್ಲಿ ಅವೇ ಮೊದಲಿರಬೇಕು. ದನ ಬಿಟ್ಟು ಮೇಯಿಸಿದ್ದರೆ ಹುರುಳಿ ಇರುತ್ತಿರಲಿಲ್ಲ, ಸಾಬರು ನಮ್ಮ ಬಾಗಿಲಿಗೆ ಬರುತ್ತಲೂ ಇರಲಿಲ್ಲ. ಆ ಸಂಜೆ ದೀಪದ ಮುಂದೆ ನನಗೆ ಹುಡುಕುವ ಕೆಲಸವಿರಲಿಲ್ಲ.

ಭರಣಿ ಮಳೆ ಬಿದ್ದ ಬೆಳಿಗ್ಗೆ ಸಾಬರು ಎತ್ತು ಹಿಡಿದುಕೊಂಡು ಬಂದರು. ಜಗಲಿಯ ಮೇಲಿಂದ ಕೈಗಡಿಯಾರ ಕೂಗಿತು:

"ಏನಕ್ಕ, ಸಾಬರ ಎತ್ತು ನಿಮ್ಮ ನೊಗುಕ್ಕಾ?"

"ಊಂ ಕಣ್ಲಾ. ಉಲ್ಲು ತಿಂತದೆ, ಸಗಣಿ ಆಕ್ತದೆ, ಉಳ್ತದೆ. ನಿಂಗಿಂತ ಎಲ್ಡು ಕೆಲ್ಸ ಜಾಸ್ತಿ."

ನೊಗ ಇಟ್ಟರೆ ಒಂದು ತೊಡಕು. ಸಾಬರ ಎತ್ತು ಎತ್ತರ, ನಮ್ಮದು ಗಿಡ್ಡ. ನೊಗ ಒಂದು ಕಡೆಗೆ ವಾಲಿತು. ಗಿಡ್ಡ ಎತ್ತಿನ ಕಡೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಸರಿಹೋಗುತ್ತದೆ ಅಂದರು ಸಾಬರು. "ಒಂದು ಹಳೇ ಬಟ್ಟೆ ತಾರೇ, ಬೇಗ, ಹದ ಓಯ್ತದೆ," ಅಂತ ಅಕ್ಕ ಬೀದಿಯಿಂದ ಕೂಗಿದಳು. ಯುದ್ಧದ ಕಾಲದಲ್ಲಿ ಹಳೇ ಬಟ್ಟೆ ಎಲ್ಲಿಂದ ತರಲಿ? ಇದ್ದದ್ದನ್ನೆಲ್ಲ ಉಟ್ಟುಕೊಂಡೇ ಇದ್ದೆವು. ಗೂಟಕ್ಕೆ ಹುರುಳಿ ಮೊಳಕೆ ಕಟ್ಟಿ ನೇತುಹಾಕಿದ್ದ ದಟ್ಟಿ ಕಣ್ಣಿಗೆ ಬಿತ್ತು. ಗಂಟು ಬಿಚ್ಚಿ, ಕಾಳು ಮಡಕೆಗೆ ಸುರಿದು, ಒದ್ದೆ ಬಟ್ಟೆಯನ್ನೇ ಓಡಿಹೋಗಿ ಕೊಟ್ಟೆ. ನಮ್ಮನೆಯವರು ಸುತ್ತಿ ಬಿಗಿದರು. ನೊಗ ಸಮ ನಿಂತಿತು. ಎತ್ತುಗಳು ಹಳ್ಳದ ಕಡೆ ಹೆಜ್ಜೆ ಹಾಕಿದವು, ಅಕ್ಕ ಮಡಿಲು ಕಟ್ಟಿಕೊಂಡು ಹಿಂದೆ ಹೋದಳು.

ಮಧ್ಯಾಹ್ನಕ್ಕೆ ಹೊಲಕ್ಕೆ ಬುತ್ತಿ ಹೋಗಬೇಕು, ಈ ಸಲ ಒಂದು ಮುದ್ದೆ ಹೆಚ್ಚಿಗೆ. ಒಲೆ ಆರುವುದರಲ್ಲಿತ್ತು. ಊದುಕೊಳವೆ ಎತ್ತಿಕೊಂಡು ಮೊಳಕೆ ಬೇಯಿಸಲು ಕೂತೆ.